ಎದ್ದು ನಿಂತ ಬಟ್ಟೆ

ಹೊಳೆದಂಡೆಯ ಆ ಆಶ್ರಮದಲ್ಲಿ ನೇಯ್ಗೆ ಕಲಿಸುತ್ತಿದ್ದವರು ಲಚಮವ್ವ. ಸಿಟ್ಟು ಅವರ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅವರ ಶಿಷ್ಯೆ ಕಸ್ತೂರಿಯೂ ಸಿಟ್ಟಿನಲ್ಲಿ ಕಡಿಮೆಯವಳಲ್ಲ.

ಅಲ್ಲೊಂದು ಪದ್ಧತಿಯಿತ್ತು. ಕಲಿಕೆ ಮುಗಿಸುವವರು ತಾವೇ ಯೋಚಿಸಿ ಮಾಡಿದ ಒಂದು ಬಟ್ಟೆಯನ್ನು ಗುರುವಿನ ಮುಂದಿಡಬೇಕು. ಗುರು ಅದನ್ನು ಹೊಳೆಯಲ್ಲಿ ಅದ್ದಿ ನೋಡುತ್ತಾರೆ. ಆಮೇಲೆ ಹೆಗಲ ಮೇಲೆ ಹಾಕಿಕೊಂಡರೆ ಗೆದ್ದಂತೆ. ವಾಪಸು ಕೊಟ್ಟರೆ ಮತ್ತೆ ಮಾಡಬೇಕು. ಮೂರನೆಯದೂ ವಾಪಸು ಬಂದರೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋಗಬೇಕು.

ಕಸ್ತೂರಿಗೆ ಚಪ್ಪಟೆ ಬಟ್ಟೆ ಕಂಡರೆ ಆಗುತ್ತಿರಲಿಲ್ಲ.

"ಬಟ್ಟಿಗೆ ಉದ್ದ ಐತಿ, ಅಗಲ ಐತಿ. ಎತ್ತರ ಯಾಕ ಇಲ್ಲರಿ ಅವ್ವಾರ?" ಎಂದು ಕೇಳಿದಳು.

"ಮಾಡಿ ತೋರ್ಸು," ಎಂದರು ಲಚಮವ್ವ.

ಅವಳು ಬಟ್ಟೆಯನ್ನು ಮಡಿಸಿ, ದಪ್ಪ ಗಂಜಿ ಹಾಕಿ, ಸಾಲುಸಾಲು ಗೋಪುರ ನಿಲ್ಲಿಸಿದಳು. ಉಳಿದ ಶಿಷ್ಯರು ಕೆಲಸ ಬಿಟ್ಟು ಬಂದು ನೋಡಿದರು. ಲಚಮವ್ವ ಅದನ್ನು ಹೊಳೆಗೊಯ್ದು ಅದ್ದಿದರು. ಗೋಪುರಗಳೆಲ್ಲ ಕರಗಿ, ಅವರ ಕೈಯಲ್ಲಿ ಒದ್ದೆ ಬಟ್ಟೆ ಜೋತುಬಿತ್ತು.

"ನಿಂತಿದ್ದು ಗಂಜಿ, ಬಟ್ಟಿ ಅಲ್ಲ," ಎಂದು ವಾಪಸು ಕೊಟ್ಟರು.

ಎರಡನೆಯ ಸಲ ಕಸ್ತೂರಿ ಮಡಿಕೆಗಳೊಳಗೆ ಬಿದಿರಿನ ಕಡ್ಡಿ ಹೊಲಿದಳು. ಹೊಳೆಯಲ್ಲಿ ಅದ್ದಿದರೂ ಗೋಪುರ ಅಲ್ಲಾಡಲಿಲ್ಲ. ಅವಳು ನಗುವಷ್ಟರಲ್ಲಿ ಲಚಮವ್ವ ಹೊಲಿಗೆ ಬಿಚ್ಚಿ, ಕಡ್ಡಿಗಳನ್ನೆಲ್ಲ ಹಿರಿದು, ಅಡುಗೆಮನೆಗೆ ತಂದು ಒಲೆಯ ಪಕ್ಕಕ್ಕೆ ಎಸೆದರು.

"ನಿಂತಿದ್ದು ಬಿದಿರು. ಒಣಗಿದ ಮ್ಯಾಲೆ ನುಚ್ಚು ಬೇಸಾಕರ ಆದೀತು."

ಕಸ್ತೂರಿಯ ಮೈಯೆಲ್ಲ ಉರಿಯಿತು.

"ಕೆಡಸೂದು ಬಿಟ್ಟು ನೀವು ಏನ ಕಲಿಸೀರಿ?"

"ರಾಟಿ ಮುಂದ ಕುಂದರು. ನೂಲು ತೆಗಿ."

ರಾಟೆ ಹೊಸದಾಗಿ ಬಂದವರ ಕೆಲಸ. ಅಷ್ಟು ಜನರ ಮುಂದೆ ಅವಳನ್ನು ಅಲ್ಲಿ ಕೂರಿಸಿದ್ದು ಅವಮಾನವೇ. ಹಲ್ಲು ಕಚ್ಚಿ ರಾಟೆ ತಿರುಗಿಸಿದಳು. ಪ್ರತಿ ಸುತ್ತಿಗೂ ಗುರುವನ್ನು ಮನಸ್ಸಿನಲ್ಲೇ ಬೈದಳು. ನೂಲಿಗೆ ಬೇಕಾದ್ದಕ್ಕಿಂತ ಬಹಳ ಹೆಚ್ಚು ಹುರಿ ಬಿತ್ತು. ಕೈ ಸಡಿಲಿಸಿದರೆ ಸಾಕು, ಎಳೆ ತನ್ನ ಮೈಗೆ ತಾನೇ ಸುತ್ತಿಕೊಂಡು ಸಿಕ್ಕಾಗುತ್ತಿತ್ತು. ಅಂಥ ನೂಲನ್ನು ಯಾವ ನೇಕಾರನೂ ಮಗ್ಗಕ್ಕೆ ಹತ್ತಿಸುವುದಿಲ್ಲ.

"ಇದೂ ಕೆಟ್ಟೈತಿ. ಒಲಿಗೆ ಹಾಕ್ಲೇನು?" ಎಂದಳು.

ಲಚಮವ್ವ ಎಳೆಯನ್ನು ಬೆರಳಲ್ಲಿ ಎಳೆದು, ಬಿಟ್ಟು ನೋಡಿದರು. ತಾವು ನೂತ ಸಾದಾ ನೂಲಿನ ಲಡಿ ತಂದು ಅವಳ ಮುಂದೆ ಒಗೆದರು.

"ಎರಡ ಬೆರಳು ನಿನ್ನ ನೂಲು, ಎರಡ ಬೆರಳು ನನ್ನ ನೂಲು. ಉದ್ದದ ಹಾಸಿಗೂ ಹಂಗ, ಅಡ್ಡ ಹೊಕ್ಕಿಗೂ ಹಂಗ. ಚೌಕಡಿ ನೇಯಿ. ಇದ ನಿನ್ನ ಕಡೀ ಬಟ್ಟಿ."

"ಚೌಕಡಿ ಅಂದ್ರ ಅಡಗಿಮನಿ ಅರಿವಿ. ನನ್ನ ಊರಿಗೆ ಕಳಸಾಕ ನೆವ ಹುಡುಕಾಕತ್ತೀರಿ ನೀವು."

"ನೇಯಿ ಅಂದ್ನಿ."

ನೇಯ್ದಳು. ಮಗ್ಗದ ಬಿಗಿಗೆ ಸಿಕ್ಕ ಮೇಲೆ ಆ ತಂಟೆಕೋರ ನೂಲೂ ತೆಪ್ಪಗೆ ಮಲಗಿತು. ಬಟ್ಟೆ ಮುಗಿದಾಗ ಹಲಗೆಯಷ್ಟು ಚಪ್ಪಟೆಯಾಗಿತ್ತು. ಗೋಪುರವಿಲ್ಲ, ಗುಡ್ಡವಿಲ್ಲ. ಕಸ್ತೂರಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಮಗ್ಗದಿಂದ ಕತ್ತರಿಸಿದಾಗ ಬಟ್ಟೆ ಒಂದಿಷ್ಟು ಸುಕ್ಕಾಯಿತು. ಅದನ್ನು ನೋಡುವ ತಾಳ್ಮೆ ಅವಳಿಗಿರಲಿಲ್ಲ; ಬಟ್ಟೆ ಹಿಡಿದು ಹೊಳೆಗೆ ನಡೆದಳು.

ಹೊಳೆಯಲ್ಲಿ ಲಚಮವ್ವ ಕಾಲು ತೊಳೆಯುತ್ತಿದ್ದರು.

"ನೀವು ಅದ್ದಿ ವಾಪಸು ಕೊಡೂದು ಬ್ಯಾಡ. ಅದೊಂದು ಸಂತೋಷ ನಿಮಗ ಕೊಡಾಂಗಿಲ್ಲ ನಾ," ಎಂದವಳೇ ಬಟ್ಟೆಯನ್ನು ನೀರಿಗೆ ಬೀಸಿ ಎಸೆದಳು.

ಲಚಮವ್ವ ತಡೆಯಲಿಲ್ಲ. "ನೋಡು," ಎಂದರು ಅಷ್ಟೇ.

ನೀರು ಕುಡಿದ ಬಟ್ಟೆ ಮುದುಡತೊಡಗಿತು. ಬಿಗಿಯಾಗಿ ಹುರಿಗೊಂಡಿದ್ದ ಕಸ್ತೂರಿಯ ನೂಲಿನ ಪಟ್ಟಿಗಳು ಕುಗ್ಗಿದವು. ಅವುಗಳ ನಡುವೆ ಸಿಕ್ಕಿಬಿದ್ದ ಸಾದಾ ಚೌಕಗಳಿಗೆ ಜಾಗ ಸಾಲದಾಯಿತು. ಎಣ್ಣೆಯಲ್ಲಿ ಬಿಟ್ಟ ಪೂರಿಯ ಹಾಗೆ ಒಂದೊಂದೇ ಮೇಲಕ್ಕೆ ಉಬ್ಬಿದವು.

ಕಸ್ತೂರಿ ಉಟ್ಟ ಸೀರೆಯಲ್ಲೇ ಹೊಳೆಗಿಳಿದಳು. ಎದೆಮಟ್ಟದ ನೀರಿನಲ್ಲಿ ಹೆಣಗಾಡಿ ಬಟ್ಟೆಯನ್ನು ಹಿಡಿದು ತಂದಳು.

ಬಂಡೆಯ ಮೇಲೆ ಒಣಗಿದ ಮೇಲೂ ಉಬ್ಬು ಇಳಿಯಲಿಲ್ಲ. ಲಚಮವ್ವ ಅಂಗೈಯಿಂದ ಒತ್ತಿದರು. ಕೈ ತೆಗೆದ ಕೂಡಲೇ ಮತ್ತೆ ಎದ್ದಿತು. ಅವರು ಅದನ್ನೆತ್ತಿ ತಮ್ಮ ಹೆಗಲ ಮೇಲೆ ಹಾಕಿಕೊಂಡರು.

ಕಸ್ತೂರಿಯ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ನಿಮಗ ಮೊದ್ಲ ಗೊತ್ತಿತ್ತೇನು?"

"ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ದರ ರಾಟಿ ಮ್ಯಾಲೆ ಅಷ್ಟು ಸಿಟ್ಟು ಎಲ್ಲಿಂದ ತರ್ತಿದ್ದಿ?"

ಕಸ್ತೂರಿ ಗುರುವಿನ ಹೆಗಲನ್ನೇ ದಿಟ್ಟಿಸಿದಳು.

"ನನ್ನ ನೂಲು ಕುಗ್ಗೇತಿ. ಮ್ಯಾಲೆ ಎದ್ದದ್ದು ನಿಮ್ಮ ನೂಲು," ಎಂದಳು, ಮುಖ ಊದಿಸಿಕೊಂಡೇ.

"ಹೌದು."

ಅವಳು ಇನ್ನೂ ಆರದ ಸೆರಗನ್ನು ಹಿಂಡಿಕೊಂಡಳು.

"ಹಂಗಾರ ಈ ಸಿಟ್ಟು ನಾ ಬಿಡಬೇಕೇನ್ರಿ ಅವ್ವಾರ?"

"ಬಿಟ್ಟರ ಎಲ್ಲಾ ಚಪ್ಪಟಿ ಆಗತೈತಿ," ಎಂದರು ಲಚಮವ್ವ. "ಅದರ ಮಗ್ಗುಲಕ್ಕ ಎರಡ ಬೆರಳು ಸಾದಾ ನೂಲು ಹಾಕು."