ಕೊಟ್ರೇಶಿ ಮಾಸ್ತರನ ಗುಟ್ಟಿನ ಎಲೆಕ್ಷನ್ನು

ಹತ್ತಿರ ಬನ್ರವ್ವ, ಜೋರಾಗಿ ಹೇಳೋ ಮಾತಲ್ಲ. ನಾನು ಹೇಳಿದೆ ಅಂತ ಎಲ್ಲೂ ಬಾಯಿ ಬಿಡಬೇಡಿ. ಪಕ್ಕದ ಮನೆ ಹಾಲವ್ವ ಆಣೆ ಹಾಕಿಸಿಕೊಂಡು ಹೇಳಿದ್ದು.

ಅವಳಿಗೆ ಒಬ್ಬನೇ ಮಗ, ಕೊಟ್ರೇಶಿ. ಬಿ.ಎಡ್. ಓದಿದ್ದಾನೆ, ತಲೆ ಮಾತ್ರ ಖಾಲಿ ಕೊಡಪಾನ. ನಮ್ಮೂರ ಶಾಲೆಯಲ್ಲಿ ಅತಿಥಿ ಮಾಸ್ತರ. ಬರೋ ವರ್ಷ ಮತ್ತೆ ಕರೀತಾರೋ ಇಲ್ಲವೋ ಅಂತ ಹಾಲವ್ವನಿಗೆ ಗಂಟಲಲ್ಲಿ ತುತ್ತು ಇಳಿಯದು. ದೊಡ್ಡೋರು ಹೇಳಿದಷ್ಟು ಮಾಡಪ್ಪ, ಕೆಲಸ ಉಳಿಸಿಕೋ ಅಂತ ದಿನಾ ಬೇಡೋಳು.

ಆಗಲೇ ನೋಡಿ, ಸರ್ಕಲ್ಲಿಗೆ ಯಾರ ಹೆಸರಿನ ಬೋರ್ಡು ಹಾಕಬೇಕು ಅಂತ ಮೇಲೋಣಿಗೂ ಕೆಳೋಣಿಗೂ ಕಲ್ಲು ತೂರಾಟ. ಪೊಲೀಸ್ ವ್ಯಾನು ಬಂದು ನಿಂತಿತು. ಪ್ರಜಾಪ್ರಭುತ್ವ ಅಂದರೆ ಇದೇನಾ ಸಾರ್ ಅಂತ ಮಕ್ಕಳು ಕೊಟ್ರೇಶಿಯನ್ನ ಕೇಳಿದವು. ಹೆಡ್‌ಮಾಸ್ತರು, ಮುಚ್ಚಿಡಬೇಡ, ಎರಡೂ ಕಡೆಯ ಮಾತು ಮಕ್ಕಳಿಗೆ ಕೇಳಿಸು ಅಂದರು.

ಕೊಟ್ರೇಶಿ ಹೂಂ ಅಂದ. ಹೇಳಿದ್ದು ಹೇಳಿದಂಗೆ ಮಾಡಿದ. ಎರಡೂ ಓಣಿಯ ಗಂಡಸರನ್ನು ಕ್ಲಾಸಿಗೇ ಕರೆತಂದ. ಬೆಲ್ ಹೊಡೆಯೋ ಹೊತ್ತಿಗೆ ಎರಡು ಬೆಂಚು ಮುರಿದಿದ್ದವು, ಮಕ್ಕಳೆಲ್ಲ ಮೇಜಿನಡಿ.

ಹೆಡ್‌ಮಾಸ್ತರು ಉಗಿದರು. "ಲೇ, ಮಾಸ್ತರ ಆದೋನು ಯಾವ ಕಡೆಗೂ ವಾಲಬಾರದು ಕಣೋ."

ಹೂಂ ಅಂದ. ಹೇಳಿದ್ದು ಹೇಳಿದಂಗೆ ಮಾಡಿದ. ಮಾರನೇ ದಿನ ಏಳೆಂಟಲ ಐವತ್ತಾರು ಅಂದಳು ಒಂದು ಹುಡುಗಿ, ಐವತ್ನಾಲ್ಕು ಅಂದ ಒಬ್ಬ ಹುಡುಗ. ಯಾವುದು ಸರಿ ಸಾರ್ ಅಂದರೆ, ನಾನು ಯಾರ ಕಡೆಗೂ ವಾಲೋನಲ್ಲ ಅಂತ ಎರಡನ್ನೂ ಬೋರ್ಡಿನ ಮೇಲೆ ಬರೆದು ಕೂತ.

ಮತ್ತೆ ಉಗಿದರು. ಶುಕ್ರವಾರ ಆಫೀಸರು ಬರ್ತಾರೆ, ಶಾಲಾ ನಾಯಕನ ಚುನಾವಣೆ ಮಾಡಿಸು, ಇದೊಂದು ಸರಿಯಾದರೆ ಕೆಲಸ ಉಂಟು, ಇಲ್ಲವಾದರೆ ಇಲ್ಲ. "ಓಟು ಗುಟ್ಟಾಗಿರಬೇಕು. ಯಾರು ಯಾರಿಗೆ ಹಾಕಿದರು ಅಂತ ನರಪಿಳ್ಳೆಗೂ ಗೊತ್ತಾಗಬಾರದು."

ಹೂಂ ಅಂದ. ಹಾಲವ್ವ ಉಪವಾಸ ಕೂತಳು.

ಪಾಪ, ಚೆನ್ನಾಗೇ ಮಾಡಿಸಿದ. ಬೆರಳಿಗೆ ಶಾಯಿ, ಬಿಸ್ಕತ್ ಡಬ್ಬಿಯಲ್ಲಿ ಚೀಟಿ. ಎರಡೂ ಓಣಿಯ ಮಕ್ಕಳು ಒಂದೇ ಸಾಲಲ್ಲಿ ನಿಂತವು. ದೊಡ್ಡೋರಿಗೆ ಬರದ ಬುದ್ಧಿ ಇವಕ್ಕೆ ಬಂತಲ್ಲ ಅಂತ ಆಫೀಸರು ತಲೆದೂಗಿದರು. ಎಲ್ಲಿ, ಬಿಚ್ಚಿ ಎಣಿಸಿ ನೋಡೋಣ ಅಂದರು.

ಬಿಚ್ಚಿದರೆ ಗುಟ್ಟು ರಟ್ಟಾಯಿತಲ್ಲ ಅಂದುಕೊಂಡ ಕೊಟ್ರೇಶಿ. ಡಬ್ಬಿ ಎದೆಗವಚಿಕೊಂಡು ಬಿಸಿಯೂಟದ ಕೋಣೆಗೆ ಓಡಿದ. ಕುದಿಯೋ ಸಾಂಬಾರಿಗೆ ಅಷ್ಟೂ ಚೀಟಿ ಸುರಿದು ಸೌಟಲ್ಲಿ ತಿರುವಿದ. "ಇನ್ನು ನರಪಿಳ್ಳೆಗೂ ಗೊತ್ತಾಗಲ್ಲ ಸಾರ್."

ಕೆಲಸ ಅವತ್ತೇ ಹೋಯಿತು.

ನಾನೇನು, ನಿಮ್ಮಂಥ ನಾಕು ಮಂದಿಗೆ ಹೇಳಿದ್ದೆ, ಅಷ್ಟೇ. ಇವತ್ತು ಬೆಳಿಗ್ಗೆ ನಲ್ಲಿ ಹತ್ತಿರ ಹಾಲವ್ವ ಕೊಡ ಕೆಳಗಿಟ್ಟು, ನನ್ನ ಮುಖಕ್ಕೇ ಅಂದಳು: "ನನ್ನ ಮಗ ಪೆದ್ದನೇ ಕಣಕ್ಕ. ಆದರೆ ನಲವತ್ತು ಮಕ್ಕಳು ಕೊಟ್ಟ ಗುಟ್ಟು ಉಳಿಸೋಕೆ ಕೆಲಸ ಕಳಕೊಂಡ. ನಿನಗೆ ನಾನು ಕೊಟ್ಟ ಗುಟ್ಟು ಒಂದೇ."