ಎಡ ಪೆಡಲಿನ ಅಪಸವ್ಯ

ಅಳತೆ ಕೊಟ್ಟು ಮಾಡಿಸಿದ ಹೊಸ ಸೈಕಲ್ಲು ಬಿಚ್ಚಿದ ಭಾಗಗಳಾಗಿ ರೈಲಿನಿಂದ ಇಳಿಯಿತು. ಎದುರಿಗೇ ಘಾಟಿ! ಎಲ್ಲ ಭಾಗಗಳೂ ಪೆಟ್ಟಿಗೆಯೊಳಗೇ ಕುಣಿಯತೊಡಗಿದವು. ಸ್ಪ್ಯಾನರು ಬಲ ಪೆಡಲನ್ನು ಬಲಕ್ಕೆ ತಿರುಗಿಸಿ ಬಿಗಿ ಮಾಡಿತು. ಆಮೇಲೆ ಎಡ ಪೆಡಲನ್ನು ಕೇಳಿತು, "ನಿನ್ನನ್ನು ಯಾವ ಕಡೆ ತಿರುಗಿಸಲಿ?"

"ಎಡಕ್ಕೆ" ಎಂದಿತು ಅದು ಮೆಲ್ಲಗೆ.

ಬಲ ಪೆಡಲು ನಕ್ಕಿತು. "ಲೋಕದ ತಿರುಪೆಲ್ಲ ಬಲಕ್ಕೆ ಬಿಗಿಯಾದರೆ ನಮ್ಮ ತಮ್ಮನದು ಮಾತ್ರ ಅಪಸವ್ಯ! ಘಾಟಿ ಹತ್ತುವ ದಿನವಾದರೂ ನನ್ನಂತೆ ಇರೋ."

ಎಲ್ಲಿ ಉಳಿದವರೆಲ್ಲ ತನ್ನನ್ನು ಬಿಟ್ಟು ಹೊರಡುತ್ತಾರೋ ಎಂದು ಎಡ ಪೆಡಲು ಹೆದರಿತು. "ಸರಿ, ಅಣ್ಣನಂತೆಯೇ ತಿರುಗಿಸಪ್ಪ" ಎಂದಿತು.

ಸ್ಪ್ಯಾನರು ಬಲಕ್ಕೆ ಒತ್ತಿತು. ಕರ್ರ್! ತಿರುಪಿನ ಥ್ರೆಡ್ಡು ಸವೆಯತೊಡಗಿತು.

"ನಿಲ್ಲಿಸು! ಎಡಕ್ಕೇ ತಿರುಗಿಸು!" ಎಂದು ಎಡ ಪೆಡಲು ಕೂಗಿಕೊಂಡಿತು. ಎಡಕ್ಕೆ ತಿರುಗಿಸಿದ್ದೇ ತಡ, ಸರಾಗವಾಗಿ ಕೂತು ಗಟ್ಟಿಯಾಯಿತು.

ಸೈಕಲ್ಲು ತಿರುವು ತಿರುವಿಗೂ ಕೇಕೆ ಹಾಕುತ್ತ ಘಾಟಿ ಏರಿತು. ನೆತ್ತಿ ತಲುಪಿದಾಗ ಬಲ ಪೆಡಲು ಕೇಳಿತು, "ಇಷ್ಟು ತುಳಿದರೂ ನೀನು ಸಡಿಲವಾಗಲಿಲ್ಲವಲ್ಲೋ?"

"ಅಣ್ಣ, ನಿನ್ನದು ಆ ಪಕ್ಕ, ನನ್ನದು ಈ ಪಕ್ಕ. ತುಳಿದಷ್ಟೂ ನೀನು ಬಲಕ್ಕೆ ಬಿಗಿಯಾಗುತ್ತೀಯ, ನಾನು ಎಡಕ್ಕೆ. ನಿನ್ನಂತೆಯೇ ಇದ್ದಿದ್ದರೆ ನಾನು ನಡುದಾರಿಯಲ್ಲೇ ಕಳಚಿಬೀಳುತ್ತಿದ್ದೆ. ಆಗ ಸೈಕಲ್ಲನ್ನು ನೀನೊಬ್ಬನೇ ಘಾಟಿ ಹತ್ತಿಸುತ್ತಿದ್ದೆಯಾ?"