"ಅಯ್ಯೋ" ಎನ್ನದ ಸಾಹೇಬರು

ನಾಗಭೂಷಣರಾಯರು ದೊಡ್ಡ ಕಂಪನಿಯಲ್ಲಿ ಸಾಹೇಬರು. ಗುಮಾಸ್ತನಾಗಿ ಸೇರಿದವರು, ಎಂ.ಡಿ. ಕುರ್ಚಿಯಲ್ಲಿ ಕೂತರು. ಅವರದ್ದು ಒಂದೇ ಮಾತು.

"ಬರೀ ಸಮಸ್ಯೆ ಹೊತ್ಕೊಂಡು ನನ್ನ ಹತ್ರ ಬರಬೇಡಿ. ಪರಿಹಾರ ಜೊತೆಗಿದ್ರೆ ಒಳಗೆ ಬನ್ನಿ."

ಎಲ್ಲರೂ ಇದನ್ನು ಕಲಿತರು. ಕಂಪನಿ ಬೆಳೆಯಿತು. ರಾಯರೂ ಬೆಳೆದರು. ಆಫೀಸಿಗೆ ಅದು ಕೆಟ್ಟ ಮಾತೇನಲ್ಲ.

ನಿವೃತ್ತಿಯಾದ ಮೇಲೆ ರಾಯರು ಹೂಡಿಕೆಗೆ ಇಳಿದರು. ಹೊಸದಾಗಿ ಕಂಪನಿ ಶುರು ಮಾಡುವ ಹುಡುಗರಿಗೆ ಬಂಡವಾಳ ಹಾಕುವುದು, ಅದರಲ್ಲಿ ಪಾಲು ತೆಗೆದುಕೊಳ್ಳುವುದು. ಹುಡುಗರು ಮನೆಗೇ ಬರುತ್ತಿದ್ದರು. ನಡುಮನೆಯ ಗೋಡೆಗೆ ಸ್ಲೈಡು ಹಾಕಿ ತೋರಿಸುತ್ತಿದ್ದರು. ಹೆಂಡತಿ ವಿಶಾಲಾಕ್ಷಮ್ಮ ಕಾಫಿ ತಂದಿಡುತ್ತಿದ್ದರು. ಯಾರಾದರೂ ತಡವರಿಸಿದರೆ ರಾಯರು, "ಸರಿ, ಪರಿಹಾರ ಏನು?" ಅನ್ನುವರು. ಹುಡುಗ ತಲೆ ತಗ್ಗಿಸುವನು. ವಿಶಾಲಾಕ್ಷಮ್ಮ ಸುಮ್ಮನೆ ಒಳಗೆ ಹೋಗುವರು.

ಹೆಂಡತಿಗೂ ಅದೇ. ಮಿಕ್ಸಿ ಕೆಟ್ಟಿತು ಅಂದರೆ, "ಪರಿಹಾರ?" ತಂಗಿಯ ಮಗಳ ಮದುವೆ ಮುರಿಯಿತು ಅಂದರೂ, "ಪರಿಹಾರ?"

"ನಿಮ್ಮ ಹತ್ರ ಮಾತಾಡೋಕೆ ನಾನೂ ಸ್ಲೈಡು ಮಾಡೋದು ಕಲೀಬೇಕು ರೀ," ಅಂತ ಆಕೆ ನಗುತ್ತಿದ್ದರು. ರಾಯರೂ ನಗುತ್ತಿದ್ದರು.

ಒಂದು ಬೆಳಗ್ಗೆ ಆಕೆ ಕಾಫಿ ತಟ್ಟೆ ಸಮೇತ ನಡುಮನೆಯಲ್ಲೇ ಬಿದ್ದರು.

ಆಸ್ಪತ್ರೆಗೆ ಸೇರಿಸಿದರು. ಡಾಕ್ಟರು ನೋಡಿ ಹೊರಗೆ ಬಂದರು. ಹೊಟ್ಟೆಯಲ್ಲಿ ಗಡ್ಡೆ, ಎಲ್ಲ ಕಡೆ ಹರಡಿದೆ ಅಂದರು. "ನೋವು ಯಾವಾಗಿಂದ?"

"ನೋವಾ? ನೋವೇ ಇರಲಿಲ್ಲ," ಅಂದರು ರಾಯರು.

ಅಡುಗೆಯ ಗೌರಮ್ಮ ಪಕ್ಕದಲ್ಲಿ ನಿಂತಿದ್ದಳು. ಸೆರಗು ಬಾಯಿಗಿಟ್ಟುಕೊಂಡಿದ್ದಳು.

"ಇತ್ತು ಸಾರ್. ದೀಪಾವಳಿಗೂ ಮುಂಚಿಂದ. ತೋರಿಸ್ಕೊಳ್ಳಿ ಅಮ್ಮಾ ಅಂತ ಬಡ್ಕೊಂಡೆ. ನಿಮಗೆ ಹೇಳಬಾರದು ಅಂತ ಆಣೆ ಹಾಕಿಸ್ಕೊಂಡ್ರು."

ಅಡುಗೆಯವಳಿಗೆ ಗೊತ್ತು. ಗಂಡನಿಗೆ ಗೊತ್ತಿಲ್ಲ.

ರಾಯರು ಒಳಗೆ ಹೋದರು. "ವಿಶಾಲು, ನನಗ್ಯಾಕೆ ಹೇಳಲಿಲ್ಲ?"

"ಏನಂತ ಹೇಳ್ಲಿ? ನೋವು ಅಂದ್ರೆ ಪರಿಹಾರ ಏನು ಅಂತಿದ್ರಿ. ನನಗೆ ಗೊತ್ತಿರಲಿಲ್ಲ."

"ಗೌರಮ್ಮಂಗೆ ಪರಿಹಾರ ಗೊತ್ತಿತ್ತಾ?"

"ಅವಳಿಗೆ ಎಲ್ಲಿಂದ ಗೊತ್ತಿರ್ಬೇಕು? ಅವಳು ಅಯ್ಯೋ ಅಂತಾಳೆ ರೀ. ಅಷ್ಟೇ."

ರಾಯರು ಹೊರಗೆ ಹೋಗಿ ಗೊತ್ತಿದ್ದ ದೊಡ್ಡ ಡಾಕ್ಟರುಗಳಿಗೆಲ್ಲ ಫೋನು ಮಾಡಿದರು. ಯಾರ ಹತ್ತಿರವೂ ಪರಿಹಾರ ಇರಲಿಲ್ಲ.

ವಾಪಸ್ ಬಂದು ಮಂಚದ ಪಕ್ಕ ಕೂತರು. ಹೆಂಡತಿಯ ಕೈ ಹಿಡಿದರು. "ಅಯ್ಯೋ, ವಿಶಾಲು," ಅಂದರು.

ಅಷ್ಟರಲ್ಲಿ ಆಕೆಗೆ ಪ್ರಜ್ಞೆ ತಪ್ಪಿತ್ತು. ಮತ್ತೆ ಬರಲಿಲ್ಲ.

ನೀತಿ: ಮನೆಯವರು ನೋವು ಹೇಳಿಕೊಂಡರೆ ಮೊದಲು ಅಯ್ಯೋ ಅನ್ನಿ. ಪರಿಹಾರ ಆಮೇಲೆ ಹುಡುಕಿದರಾಯಿತು. ನೋವೇ ನಿಮ್ಮ ಕಿವಿಗೆ ಬೀಳದಿದ್ದರೆ ಯಾವುದಕ್ಕೆ ಪರಿಹಾರ ಹುಡುಕುತ್ತೀರಿ?